ಎಕ್ಸೆಲ್ ಫೈಲ್ ಸೇವ್ ಆಗ್ತಿಲ್ವಾ, ತೆರೆಯುತ್ತಿಲ್ವಾ? ಒಂದೊಂದೇ ಹೆಜ್ಜೆಯಾಗಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಸೇವ್ ಒತ್ತಿದಾಗ ಎಕ್ಸೆಲ್ "ಡಾಕ್ಯುಮೆಂಟ್ ನಾಟ್ ಸೇವ್ಡ್" ಎಂದರೆ, ಮೊದಲು ನೆನಪಿಡಬೇಕಾದದ್ದು ಒಂದೇ: ಆ ವಿಂಡೋ ಮುಚ್ಚಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಕೂಡ ಮಾಡಬೇಡಿ. ಕಳೆದ ಸೇವ್ ಆದ ಮೇಲೆ ನೀವು ಮಾಡಿದ ಕೆಲಸ ಈಗ ಮೆಮೊರಿಯಲ್ಲಿ ಮಾತ್ರ ಇದೆ. ವಿಂಡೋ ತೆರೆದಿರುವಷ್ಟು ಹೊತ್ತು ಅದನ್ನು ಹೊರಗೆ ತೆಗೆಯಲು ಹತ್ತು ದಾರಿಗಳಿವೆ. ಮುಚ್ಚಿದ ಮೇಲೆ ಒಂದೆರಡು ಮಾತ್ರ ಉಳಿಯುತ್ತವೆ.

ಫೈಲ್ ತೆರೆಯದೇ ಇದ್ದರೆ ನಿಯಮ ಬೇರೆ. ಏನನ್ನೂ ರಿಪೇರಿ ಮಾಡುವ ಮೊದಲು ಆ ಫೈಲ್‌ನ ಒಂದು ನಕಲು ಮಾಡಿ ಬೇರೆ ಫೋಲ್ಡರ್‌ನಲ್ಲಿ ಇಡಿ. ಎಲ್ಲ ಪ್ರಯೋಗವೂ ನಕಲಿನ ಮೇಲೆ ನಡೆಯಲಿ. ಮೂಲ ಫೈಲ್ ಎಷ್ಟೇ ಕೆಟ್ಟಿದ್ದರೂ ಅದನ್ನು ಮುಟ್ಟಬೇಡಿ, ಅದರ ಮೇಲೆ ಏನನ್ನೂ ಸೇವ್ ಮಾಡಬೇಡಿ. ಫೈಲ್ ಕೆಟ್ಟಿದ್ದರಿಂದ ಹೋಗುವ ಡೇಟಾಕ್ಕಿಂತ, ಗಾಬರಿಯಲ್ಲಿ ಮಾಡಿದ ರಿಪೇರಿಯಿಂದ ಹೋಗುವ ಡೇಟಾ ಜಾಸ್ತಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತೊಂದರೆ ಎಲ್ಲಿದೆ ಎಂದು ಮೊದಲು ಗುರುತಿಸಿ

ತೊಂದರೆ ಇರುವುದು ಮೂರರಲ್ಲಿ ಒಂದು ಕಡೆ: ಫೈಲ್‌ನಲ್ಲಿ, ಫೈಲ್ ಇರುವ ಜಾಗದಲ್ಲಿ, ಇಲ್ಲವೇ ಎಕ್ಸೆಲ್ ಪ್ರೋಗ್ರಾಂನಲ್ಲಿ. ಇದನ್ನು ಒಂದೇ ನಿಮಿಷದಲ್ಲಿ ಗುರುತಿಸಬಹುದು.

ಎಕ್ಸೆಲ್‌ನಲ್ಲೇ ಕಂಟ್ರೋಲ್ ಮತ್ತು ಎನ್ ಒತ್ತಿ ಹೊಸ ಖಾಲಿ ವರ್ಕ್‌ಬುಕ್ ತೆರೆಯಿರಿ. ಒಂದು ಸೆಲ್‌ನಲ್ಲಿ ಏನಾದರೂ ಬರೆದು, ತೊಂದರೆ ಕೊಡುತ್ತಿರುವ ಫೈಲ್ ಇರುವ ಫೋಲ್ಡರ್‌ನಲ್ಲೇ ಸೇವ್ ಮಾಡಿ. ಅದು ಸೇವ್ ಆಯಿತೇ? ಹಾಗಾದರೆ ಜಾಗ ಸರಿಯಿದೆ, ಫೈಲ್‌ನಲ್ಲೇ ಏನೋ ಆಗಿದೆ. ಆಗಲಿಲ್ಲವೇ? ಅದೇ ಖಾಲಿ ಫೈಲನ್ನು ಡೆಸ್ಕ್‌ಟಾಪ್‌ಗೆ ಸೇವ್ ಮಾಡಿ ನೋಡಿ. ಅಲ್ಲಿ ಆದರೆ ತೊಂದರೆ ಫೋಲ್ಡರ್‌ನದ್ದು. ಅಲ್ಲೂ ಆಗದಿದ್ದರೆ ಪ್ರೋಗ್ರಾಂ ಅಥವಾ ಅದಕ್ಕೆ ಅಂಟಿಕೊಂಡಿರುವ ಆ್ಯಡ್-ಇನ್ (ಹೆಚ್ಚುವರಿಯಾಗಿ ಸೇರಿಸಿದ ಚಿಕ್ಕ ಪ್ರೋಗ್ರಾಂ) ಮೇಲೆ ಅನುಮಾನ ಪಡಿ.

ತೆರೆಯದ ಫೈಲ್‌ಗೂ ಇದೇ ಕ್ರಮ. ಬೇರೆ ಎಕ್ಸೆಲ್ ಫೈಲ್‌ಗಳು ತೆರೆಯುತ್ತವೆಯೇ? ಇದೇ ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆಯೇ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಸೇವ್ ಆಗದಿದ್ದಾಗ: ಮೊದಲು ಕೆಲಸವನ್ನು ಉಳಿಸಿಕೊಳ್ಳಿ

ಕಾರಣ ಹುಡುಕುವುದು ಆಮೇಲೆ. ಮೊದಲು ಕೀಬೋರ್ಡ್‌ನಲ್ಲಿ ಎಫ್12 ಒತ್ತಿ. "ಸೇವ್ ಆ್ಯಸ್" ಪೆಟ್ಟಿಗೆ ತೆರೆಯುತ್ತದೆ. ಡೆಸ್ಕ್‌ಟಾಪ್ ಆಯ್ಕೆ ಮಾಡಿ, ಚಿಕ್ಕದೊಂದು ಹೊಸ ಹೆಸರು ಕೊಟ್ಟು ಸೇವ್ ಮಾಡಿ. ಬಹಳಷ್ಟು ಸಲ ಇಷ್ಟಕ್ಕೇ ಕೆಲಸ ಉಳಿಯುತ್ತದೆ.

ಆಗಲಿಲ್ಲವೆಂದರೆ ಅದೇ ಪೆಟ್ಟಿಗೆಯಲ್ಲಿ ಫೈಲ್ ಬಗೆಯನ್ನು "ಎಕ್ಸೆಲ್ ಬೈನರಿ ವರ್ಕ್‌ಬುಕ್" ಎಂದು ಬದಲಿಸಿ. ಈ ಬಗೆಯಲ್ಲಿ ಡೇಟಾ ಬೇರೆ ರೀತಿಯಲ್ಲಿ ಬರೆಯಲ್ಪಡುತ್ತದೆ. ಮಾಮೂಲಿ ಬಗೆಯಲ್ಲಿ ಸೇವ್ ಆಗದ ಫೈಲ್ ಕೆಲವೊಮ್ಮೆ ಇದರಲ್ಲಿ ಆಗಿಬಿಡುತ್ತದೆ. ಫಾರ್ಮುಲಾ, ಬಣ್ಣ, ಚಾರ್ಟ್ ಎಲ್ಲವೂ ಉಳಿಯುತ್ತವೆ.

ಅದೂ ಆಗದಿದ್ದರೆ, ಪ್ರತಿ ಶೀಟ್‌ನ ಡೇಟಾವನ್ನು ಆಯ್ಕೆ ಮಾಡಿ ನಕಲಿಸಿ, ಬ್ರೌಸರ್‌ನಲ್ಲಿ ತೆರೆದ ಗೂಗಲ್ ಶೀಟ್ಸ್‌ಗೋ ನೋಟ್‌ಪ್ಯಾಡ್‌ಗೋ ಅಂಟಿಸಿ. ಅಂದ ಹೋಗುತ್ತದೆ, ನಿಜ. ಆದರೆ ಅಂಕಿಗಳು ಉಳಿಯುತ್ತವೆ. ಫಾರ್ಮುಲಾಗಳೂ ಬೇಕೆಂದರೆ "ಫಾರ್ಮುಲಾಸ್" ಟ್ಯಾಬ್‌ನಲ್ಲಿ "ಶೋ ಫಾರ್ಮುಲಾಸ್" ಒತ್ತಿ, ಸೆಲ್‌ಗಳಲ್ಲಿ ಫಾರ್ಮುಲಾ ಕಾಣುವಾಗ ಇನ್ನೊಮ್ಮೆ ನಕಲಿಸಿ ನೋಟ್‌ಪ್ಯಾಡ್‌ಗೆ ಹಾಕಿ.

ಎಕ್ಸೆಲ್ ಸೇವ್ ಮಾಡುವ ಬಗೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇದು ಅರ್ಥವಾದರೆ ಮುಂದಿನ ಅರ್ಧಕ್ಕರ್ಧ ಕಾರಣಗಳು ನಿಮಗೇ ಹೊಳೆಯುತ್ತವೆ.

ನೀವು ಸೇವ್ ಒತ್ತಿದಾಗ ಎಕ್ಸೆಲ್ ಹಳೆಯ ಫೈಲ್ ಮೇಲೆ ನೇರವಾಗಿ ಬರೆಯುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ಮೊದಲು ಒಂದು ತಾತ್ಕಾಲಿಕ ಫೈಲ್ ಮಾಡುತ್ತದೆ. ಇಡೀ ವರ್ಕ್‌ಬುಕ್ಕನ್ನು ಅದರೊಳಗೆ ಬರೆಯುತ್ತದೆ. ಪೂರ್ತಿ ಬರೆದಾದ ಮೇಲೆ ಹಳೆಯ ಫೈಲನ್ನು ಅಳಿಸಿ, ತಾತ್ಕಾಲಿಕ ಫೈಲ್‌ಗೆ ಮೂಲ ಹೆಸರು ಕೊಡುತ್ತದೆ. ನಡುವೆ ಕರೆಂಟ್ ಹೋದರೂ ಹಳೆಯ ಪ್ರತಿ ಉಳಿಯಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಇದು.

ಹೀಗಾಗಿ ಸೇವ್ ಆಗಬೇಕಾದರೆ ಆ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡುವ, ಅಳಿಸುವ, ಹೆಸರು ಬದಲಿಸುವ ಅನುಮತಿ ಮೂರೂ ನಿಮಗಿರಬೇಕು. ಬರೆಯಲು ಬಿಟ್ಟು ಅಳಿಸಲು ಬಿಡದ ಹಂಚಿಕೆಯ ಫೋಲ್ಡರ್‌ನಲ್ಲಿ ಸೇವ್ ಕೊನೆಯ ಹೆಜ್ಜೆಯಲ್ಲಿ ಸೋಲುತ್ತದೆ. ಡಿಸ್ಕ್‌ನಲ್ಲಿ ಹಳೆಯ ಫೈಲ್ ಇದ್ದೂ ಹೊಸದೊಂದು ಪೂರ್ತಿ ಪ್ರತಿ ಹಿಡಿಸುವಷ್ಟು ಜಾಗ ಬೇಕು. ಆ್ಯಂಟಿವೈರಸ್ ಆ ತಾತ್ಕಾಲಿಕ ಫೈಲನ್ನು ಪರೀಕ್ಷಿಸಲು ಹಿಡಿದುಕೊಂಡರೆ ಹೆಸರು ಬದಲಿಸಲು ಆಗುವುದಿಲ್ಲ.

ಸೇವ್ ನಡುವೆ ನಿಂತುಹೋದರೆ ಆ ತಾತ್ಕಾಲಿಕ ಫೈಲ್ ಫೋಲ್ಡರ್‌ನಲ್ಲೇ ಉಳಿದಿರುತ್ತದೆ. ಎಂಟು ಅಕ್ಷರ-ಅಂಕಿಗಳ ಅರ್ಥವಿಲ್ಲದ ಹೆಸರು, ಕೊನೆಯಲ್ಲಿ ಚುಕ್ಕಿಯೂ ಎಕ್ಸ್‌ಟೆನ್ಶನ್ನೂ (ಫೈಲ್ ಬಗೆ ಹೇಳುವ ಬಾಲ) ಇಲ್ಲ. ಕಸ ಎಂದುಕೊಂಡು ಅದನ್ನು ಅಳಿಸಬೇಡಿ. ನಕಲು ಮಾಡಿ, ನಕಲಿನ ಹೆಸರಿನ ಕೊನೆಗೆ .ಎಕ್ಸ್‌ಎಲ್‌ಎಸ್‌ಎಕ್ಸ್ (.xlsx) ಸೇರಿಸಿ ತೆರೆದು ನೋಡಿ. ಬರೆಯುವುದು ಪೂರ್ತಿಯಾಗಿ, ಹೆಸರು ಬದಲಿಸುವಾಗ ಮಾತ್ರ ಸೋತಿದ್ದರೆ, ನಿಮ್ಮ ಹೊಸ ಕೆಲಸವೆಲ್ಲ ಅದರೊಳಗೇ ಇರುತ್ತದೆ.

ಜಾಗದ ತೊಂದರೆಗಳು

ಹೆಸರಿನ ಉದ್ದ ನೋಡಿ. ಡ್ರೈವ್, ಫೋಲ್ಡರ್‌ಗಳು, ಫೈಲ್ ಹೆಸರು ಎಲ್ಲ ಸೇರಿ ವಿಂಡೋಸ್‌ನಲ್ಲಿ ಎಕ್ಸೆಲ್‌ಗೆ 218 ಅಕ್ಷರ ಮೀರಬಾರದು. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಮತ್ತೊಂದು ಎಂದು ಉದ್ದುದ್ದ ಹೆಸರು ಇಟ್ಟವರು ಈ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣುತ್ತದೆ, ಎಕ್ಸೆಲ್‌ನಲ್ಲಿ ಮಾತ್ರ ತೆರೆಯುವುದಿಲ್ಲ ಅಂದರೆ ಮೊದಲು ಅದನ್ನು ಡೆಸ್ಕ್‌ಟಾಪ್‌ಗೆ ನಕಲಿಸಿ ನೋಡಿ.

"ಫೈಲ್ ಲಾಕ್ ಆಗಿದೆ, ಇನ್ನೊಬ್ಬರು ಬಳಸುತ್ತಿದ್ದಾರೆ" ಎಂಬ ಸಂದೇಶ ಬರುತ್ತದೆ, ಆದರೆ ಯಾರೂ ಬಳಸುತ್ತಿಲ್ಲ. ಇದಕ್ಕೆ ಕಾರಣ ಒಂದು ಅಡಗಿದ ಚಿಕ್ಕ ಫೈಲ್. ನೀವು ವರ್ಕ್‌ಬುಕ್ ತೆರೆದಾಗಲೆಲ್ಲ ಎಕ್ಸೆಲ್ ಪಕ್ಕದಲ್ಲೇ ~$ ಎಂದು ಶುರುವಾಗುವ ಫೈಲ್ ಇಟ್ಟು, ಯಾರು ತೆರೆದಿದ್ದಾರೆ ಎಂದು ಬರೆದುಕೊಳ್ಳುತ್ತದೆ. ಮುಚ್ಚಿದಾಗ ಅದನ್ನು ತಾನೇ ಅಳಿಸುತ್ತದೆ. ಎಕ್ಸೆಲ್ ಕ್ರ್ಯಾಶ್ ಆದರೆ ಅದು ಹಾಗೇ ಉಳಿಯುತ್ತದೆ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಕಣ್ಣಿಗೆ ಕಾಣದ ಎಕ್ಸೆಲ್ ಹಿನ್ನೆಲೆಯಲ್ಲಿ ಓಡುತ್ತಿದೆಯೇ ನೋಡಿ. ಸೇವ್ ಆಗದ ಬೇರೆ ಯಾವ ವರ್ಕ್‌ಬುಕ್ಕೂ ತೆರೆದಿಲ್ಲ ಎಂದು ಖಚಿತವಾದರೆ ಮಾತ್ರ ಅದನ್ನು ಮುಗಿಸಿ. ಆಮೇಲೆ ಎಕ್ಸ್‌ಪ್ಲೋರರ್‌ನ "ವ್ಯೂ" ಮೆನುವಿನಲ್ಲಿ ಅಡಗಿದ ಫೈಲ್‌ಗಳನ್ನು ತೋರಿಸಿ, ಆ ~$ ಫೈಲನ್ನು ಅಳಿಸಿ. ಹಂಚಿಕೆಯ ಫೋಲ್ಡರ್ ಆದರೆ ಅಳಿಸುವ ಮೊದಲು ಉಳಿದವರನ್ನು ಒಂದು ಮಾತು ಕೇಳಿ. ಎಕ್ಸೆಲ್ ಫೈಲ್‌ಗಳನ್ನು ತೆರೆಯಬಲ್ಲ ಇನ್ನೊಂದು ಪ್ರೋಗ್ರಾಂ ಲಿಬ್ರೆಆಫೀಸ್‌ನಲ್ಲೂ ಇಂಥದ್ದೇ ಲಾಕ್ ಫೈಲ್ ಇದೆ. ಅದರ ಹೆಸರು ಚುಕ್ಕಿಯಿಂದ ಶುರುವಾಗಿ # ಚಿಹ್ನೆಯಲ್ಲಿ ಮುಗಿಯುತ್ತದೆ.

ಪೆನ್‌ಡ್ರೈವ್‌ನಲ್ಲಿರುವ ಫೈಲನ್ನು ಅಲ್ಲೇ ತೆರೆದು ಕೆಲಸ ಮಾಡುವುದು ಬೇಡ. ಕಂಪ್ಯೂಟರ್‌ಗೆ ನಕಲಿಸಿ, ಕೆಲಸ ಮುಗಿಸಿ, ವಾಪಸ್ ನಕಲಿಸಿ, ಇಜೆಕ್ಟ್ ಮಾಡಿ ತೆಗೆಯಿರಿ. ಸುಮ್ನೆ ಎಳೆದು ತೆಗೆದ ಪೆನ್‌ಡ್ರೈವ್‌ನಲ್ಲಿ ಅರ್ಧ ಬರೆದ ಫೈಲ್‌ಗಳು ಉಳಿಯುತ್ತವೆ.

ವಿಂಡೋಸ್ ಸೆಕ್ಯುರಿಟಿಯಲ್ಲಿ "ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್" ಎಂಬ ರಕ್ಷಣೆ ಇದೆ. ಅದು ಚಾಲೂ ಇದ್ದರೆ, ತನಗೆ ನಂಬಿಕೆಯಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್‌ಗಳಿಗೆ ಬರೆಯದಂತೆ ತಡೆಯುತ್ತದೆ. ತಡೆದಿದ್ದರೆ ಅಲ್ಲಿನ ಇತಿಹಾಸದಲ್ಲಿ ದಾಖಲಾಗಿರುತ್ತದೆ. ನಿಮ್ಮ ಪ್ರೋಗ್ರಾಂ ಒಂದಕ್ಕೆ ಅನುಮತಿ ಕೊಡಿ. ಇಡೀ ರಕ್ಷಣೆಯನ್ನೇ ಆಫ್ ಮಾಡಬೇಡಿ.

ಒನ್‌ಡ್ರೈವ್ ಬಳಸುವವರು ಗಡಿಯಾರದ ಪಕ್ಕದ ಮೋಡದ ಚಿತ್ರ ನೋಡಿ. ಸಿಂಕ್ ನಿಂತಿದ್ದರೆ, ಖಾತೆಯ ಜಾಗ ತುಂಬಿದ್ದರೆ, ಲಾಗಿನ್ ಹೋಗಿದ್ದರೆ, ಸೇವ್ ಮಾಡುವಾಗ "ಅಪ್‌ಲೋಡ್ ಫೇಲ್ಡ್" ಎಂದು ಬರುತ್ತದೆ. ಫೈಲ್ ಪಕ್ಕದಲ್ಲಿ ಬರೀ ಮೋಡದ ಗುರುತಿದ್ದರೆ ಆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲವೇ ಇಲ್ಲ. ಇಂಟರ್‌ನೆಟ್ ಇಲ್ಲದಾಗ ಅದು ತೆರೆಯುವುದಿಲ್ಲ. ಮುಖ್ಯ ಫೈಲ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಎಂದು ಗುರುತು ಹಾಕಿಬಿಡಿ.

ಜಾಗ ಸರಿಯಿದ್ದೂ ಸೇವ್ ಆಗದಿದ್ದರೆ

ಆಗ ವರ್ಕ್‌ಬುಕ್‌ನ ಒಳಗೇ ಏನೋ ಕೆಟ್ಟಿದೆ. ಹೊಸ ಖಾಲಿ ವರ್ಕ್‌ಬುಕ್ ತೆರೆಯಿರಿ. ಹಳೆಯದರಲ್ಲಿ ಮೊದಲು ಒಂದು ಖಾಲಿ ಶೀಟ್ ಸೇರಿಸಿ. ನಂತರ ಉಳಿದ ಶೀಟ್‌ಗಳನ್ನು ಆಯ್ಕೆ ಮಾಡಿ, ರೈಟ್ ಕ್ಲಿಕ್ ಮಾಡಿ, "ಮೂವ್ ಆರ್ ಕಾಪಿ" ಮೂಲಕ ಹೊಸ ವರ್ಕ್‌ಬುಕ್‌ಗೆ ನಕಲಿಸಿ ಸೇವ್ ಮಾಡಿ. ಎಲ್ಲವನ್ನೂ ಒಟ್ಟಿಗೆ ನಕಲಿಸಿದಾಗ ಆಗದಿದ್ದರೆ ಒಂದೊಂದೇ ಶೀಟ್ ಹಾಕಿ ಸೇವ್ ಮಾಡುತ್ತಾ ಹೋಗಿ. ಯಾವ ಶೀಟ್ ಸೇರಿದ ಕೂಡಲೇ ಸೇವ್ ನಿಲ್ಲುತ್ತದೋ ಅದೇ ಕಳ್ಳ. ಆ ಶೀಟ್‌ನಲ್ಲಿ ಚಿತ್ರ, ಚಾರ್ಟ್, ಪಿವಟ್ ಟೇಬಲ್ ಇದ್ದರೆ ಅವನ್ನು ಬಿಟ್ಟು ಬರೀ ಮೌಲ್ಯಗಳನ್ನು ಅಂಟಿಸಿ.

ಇನ್ನೊಂದು ಸಾಮಾನ್ಯ ಕಾರಣ ಹಳೆಯ .ಎಕ್ಸ್‌ಎಲ್‌ಎಸ್ ಬಗೆ. ಅದರಲ್ಲಿ 65,536 ಸಾಲು, 256 ಕಾಲಂ ಮಾತ್ರ ಹಿಡಿಯುತ್ತವೆ. 2007ರಲ್ಲಿ ಬಂದ .ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು, 16,384 ಕಾಲಂ. ಹಳೆಯ ಬಗೆಯಲ್ಲಿ ಬೇರೆಬೇರೆ ಸೆಲ್ ಅಲಂಕಾರಗಳಿಗೂ ಸುಮಾರು 4,000ದ ಮಿತಿ ಇದೆ. ಅದನ್ನು ದಾಟಿದಾಗ "ಟೂ ಮೆನಿ ಡಿಫರೆಂಟ್ ಸೆಲ್ ಫಾರ್ಮ್ಯಾಟ್ಸ್" ಎಂಬ ಸಂದೇಶ ಬರುತ್ತದೆ. ಇನ್ನೂ ಹಳೆಯ ಬಗೆಯಲ್ಲೇ ಇರುವ ಫೈಲ್‌ಗಳನ್ನು ಹೊಸ ಬಗೆಗೆ ಬದಲಿಸಿಕೊಳ್ಳಿ. ಮ್ಯಾಕ್ರೋ (ಕೆಲಸಗಳನ್ನು ತಾನಾಗಿ ಮಾಡಿಸುವ ಕೋಡ್) ಇದ್ದರೆ .ಎಕ್ಸ್‌ಎಲ್‌ಎಸ್‌ಎಂ (.xlsm) ಆಯ್ಕೆ ಮಾಡಬೇಕು. ಮಾಮೂಲಿ ಬಗೆಯಲ್ಲಿ ಸೇವ್ ಮಾಡಿದರೆ ಮ್ಯಾಕ್ರೋ ಉಳಿಯುವುದಿಲ್ಲ.

ಖಾಲಿ ಫೈಲ್ ಕೂಡ ಎಲ್ಲೂ ಸೇವ್ ಆಗುತ್ತಿಲ್ಲ ಎಂದರೆ ಪ್ರೋಗ್ರಾಂ ನೋಡಬೇಕು. ಕೆಲಸವನ್ನೆಲ್ಲ ಹೊರಗೆ ನಕಲಿಸಿಕೊಂಡ ಮೇಲೆ ಎಕ್ಸೆಲ್ ಮುಚ್ಚಿ. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡೇ ಎಕ್ಸೆಲ್ ಶುರು ಮಾಡಿ. ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ, ಹೌದು ಎನ್ನಿ. ಇದರಲ್ಲಿ ಆ್ಯಡ್-ಇನ್‌ಗಳು ಶುರುವಾಗುವುದಿಲ್ಲ. ಈಗ ಸೇವ್ ಆದರೆ ತಪ್ಪು ಯಾವುದೋ ಆ್ಯಡ್-ಇನ್‌ನದ್ದು. ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್‌ಗೆ ಹೋಗಿ ಎಲ್ಲವನ್ನೂ ತೆಗೆದು, ಒಂದೊಂದೇ ವಾಪಸ್ ಹಾಕಿ ಪರೀಕ್ಷಿಸಿ. ಇಷ್ಟಕ್ಕೂ ಬಗ್ಗದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಆಫೀಸ್ ಹುಡುಕಿ, "ಮಾಡಿಫೈ" ಒತ್ತಿ, ಮೊದಲು "ಕ್ವಿಕ್ ರಿಪೇರ್", ಆಮೇಲೆ "ಆನ್‌ಲೈನ್ ರಿಪೇರ್" ಮಾಡಿ.

ತೆರೆಯದ ಫೈಲ್: ನಿಜವಾಗಿ ಕೆಟ್ಟಿದೆಯೇ?

ತೆರೆಯದ ಫೈಲ್‌ಗಳೆಲ್ಲ ಕೆಟ್ಟಿರುವುದಿಲ್ಲ. ಮೊದಲು ಸುಲಭದ ಕಾರಣಗಳನ್ನು ನೋಡಿಬಿಡೋಣ.

ಎಕ್ಸೆಲ್ ತೆರೆಯುತ್ತದೆ, ಆದರೆ ಒಳಗೆ ಬರೀ ಬೂದು ಬಣ್ಣ. "ವ್ಯೂ" ಟ್ಯಾಬ್‌ನಲ್ಲಿ "ಅನ್‌ಹೈಡ್" ಒತ್ತಲು ಬಂದರೆ ವರ್ಕ್‌ಬುಕ್ ಅಡಗಿದೆ ಅಷ್ಟೇ. ಇಲ್ಲವಾದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಕೆಳಗೆ "ಜನರಲ್" ಭಾಗ ನೋಡಿ. "ಇಗ್ನೋರ್ ಅದರ್ ಅಪ್ಲಿಕೇಶನ್ಸ್ ದಟ್ ಯೂಸ್ ಡೈನಮಿಕ್ ಡೇಟಾ ಎಕ್ಸ್‌ಚೇಂಜ್" ಎಂಬುದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಡಬಲ್ ಕ್ಲಿಕ್ ಮಾಡಿದಾಗ ಫೈಲ್ ಹೆಸರು ಎಕ್ಸೆಲ್‌ಗೆ ತಲುಪುವುದನ್ನು ಈ ಟಿಕ್ ತಡೆಯುತ್ತದೆ.

ಇಮೇಲ್‌ನಲ್ಲಿ ಬಂದ ಅಥವಾ ಡೌನ್‌ಲೋಡ್ ಮಾಡಿದ ಫೈಲ್ ಆದರೆ, ಅದು ಹೊರಗಿನಿಂದ ಬಂದದ್ದು ಎಂದು ವಿಂಡೋಸ್ ಗುರುತು ಹಾಕಿರುತ್ತದೆ. ಕಳಿಸಿದವರನ್ನು ನೀವು ನಂಬುತ್ತೀರಿ ಎಂದಾದರೆ ಮಾತ್ರ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೊನೆಯಲ್ಲಿ "ಅನ್‌ಬ್ಲಾಕ್" ಟಿಕ್ ಮಾಡಿ. ಟ್ರಸ್ಟ್ ಸೆಂಟರ್‌ಗೆ ಹೋಗಿ, ಹೊರಗಿನ ಫೈಲ್‌ಗಳನ್ನು ಓದಲು ಮಾತ್ರ ತೆರೆಯುವ ರಕ್ಷಣೆಯಾದ ಪ್ರೊಟೆಕ್ಟೆಡ್ ವ್ಯೂವನ್ನೇ ತೆಗೆದುಹಾಕಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಫೈಲ್‌ಗಾಗಿ ಮನೆ ಬಾಗಿಲನ್ನೇ ಕಿತ್ತಿಟ್ಟ ಹಾಗಾಗುತ್ತದೆ.

ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ತೆರೆದಾಗ "ಇದು ಎಸ್‌ವೈಎಲ್‌ಕೆ ಫೈಲ್" ಎಂಬ ವಿಚಿತ್ರ ಸಂದೇಶ ಬಂದರೆ, ಮೊದಲ ಸೆಲ್ ನೋಡಿ. ಇಂಗ್ಲಿಷ್ ದೊಡ್ಡಕ್ಷರದ 'ಐಡಿ' ಎಂದು ಫೈಲ್ ಶುರುವಾದರೆ ಎಕ್ಸೆಲ್ ಅದನ್ನು ಎಸ್‌ವೈಎಲ್‌ಕೆ ಎಂಬ ಹಳೆಯ ಫೈಲ್ ಬಗೆ ಎಂದುಕೊಳ್ಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ಅದನ್ನು ಸಣ್ಣಕ್ಷರ ಮಾಡಿದರೆ ಸಾಕು.

"ಫೈಲ್ ಬಗೆ ಮತ್ತು ಎಕ್ಸ್‌ಟೆನ್ಶನ್ ಹೊಂದುತ್ತಿಲ್ಲ" ಎಂದು ಬಂದರೆ ಫೈಲ್ ನಿಜಕ್ಕೂ ಏನು ಎಂದು ನೋಡಬೇಕು. ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಗುರುತುಗಳೇ ಕಾಣುತ್ತವೆ, ಮೊದಲ ಎರಡು ಅಕ್ಷರ ಮಾತ್ರ ಮುಖ್ಯ. ಅವು ಇಂಗ್ಲಿಷ್‌ನ 'ಪಿ', 'ಕೆ' ಆಗಿದ್ದರೆ ಹೊಸ ಬಗೆಯ ಎಕ್ಸೆಲ್ ಫೈಲ್ ಇರಬೇಕು. ಶುರುವಿನಲ್ಲೇ ವೆಬ್ ಪುಟದ ಕೋಡ್ ಕಂಡರೆ, ಯಾವುದೋ ವೆಬ್‌ಸೈಟ್ ಟೇಬಲ್‌ಗೆ ಎಕ್ಸೆಲ್ ಹೆಸರಿಟ್ಟು ಕೊಟ್ಟಿದೆ, ಇಲ್ಲವೇ ಫೈಲ್ ಬದಲು ಲಾಗಿನ್ ಪುಟ ಡೌನ್‌ಲೋಡ್ ಆಗಿದೆ. ಫೈಲ್‌ನ ಗಾತ್ರ ಸೊನ್ನೆ ಕೆಬಿ ಇದ್ದರೆ ಒಳಗೆ ಏನೂ ಇಲ್ಲ. ರಿಪೇರಿಗೆ ಹೊತ್ತು ಕಳೆಯದೆ ನೇರವಾಗಿ ಹಳೆಯ ಪ್ರತಿ ಹುಡುಕಿ.

ಕೆಟ್ಟ ಫೈಲ್‌ನಿಂದ ಡೇಟಾ ತೆಗೆಯುವ ಕ್ರಮ

ಸುಲಭದಿಂದ ಕಷ್ಟದ ಕಡೆಗೆ ಹೋಗಿ. ಎಲ್ಲವೂ ನಕಲಿನ ಮೇಲೇ ಎಂಬುದನ್ನು ಮರೆಯಬೇಡಿ.

1. ಎಕ್ಸೆಲ್‌ನಲ್ಲಿ ಫೈಲ್, ಓಪನ್, ಬ್ರೌಸ್ ಒತ್ತಿ. ನಕಲನ್ನು ಒಮ್ಮೆ ಮಾತ್ರ ಕ್ಲಿಕ್ ಮಾಡಿ. "ಓಪನ್" ಬಟನ್ ಪಕ್ಕದ ಚಿಕ್ಕ ಬಾಣ ಒತ್ತಿ "ಓಪನ್ ಆ್ಯಂಡ್ ರಿಪೇರ್" ಆಯ್ಕೆ ಮಾಡಿ. ಮೊದಲು "ರಿಪೇರ್" ಒತ್ತಿ. ಆಗದಿದ್ದರೆ ಇದನ್ನೇ ಮತ್ತೆ ಮಾಡಿ "ಎಕ್ಸ್‌ಟ್ರ್ಯಾಕ್ಟ್ ಡೇಟಾ" ಒತ್ತಿ. ಆಗ ಫಾರ್ಮುಲಾ ಬೇಕೋ ಮೌಲ್ಯ ಸಾಕೋ ಎಂದು ಕೇಳುತ್ತದೆ. ರಿಪೇರಿ ಆದ ಮೇಲೆ ಏನೇನು ತೆಗೆದುಹಾಕಲಾಯಿತು ಎಂಬ ಪಟ್ಟಿ ಬರುತ್ತದೆ. ಅದನ್ನು ಓದದೆ ಮುಚ್ಚಬೇಡಿ.

2. ಎಕ್ಸೆಲ್ ತೆರೆಯುತ್ತಾ ತೆರೆಯುತ್ತಾ ಸ್ತಬ್ಧವಾದರೆ, ಖಾಲಿ ವರ್ಕ್‌ಬುಕ್‌ನಲ್ಲಿ "ಫಾರ್ಮುಲಾಸ್" ಟ್ಯಾಬ್‌ನ ಲೆಕ್ಕದ ಆಯ್ಕೆಯನ್ನು "ಮ್ಯಾನ್ಯುಯಲ್" ಮಾಡಿ, ಆಮೇಲೆ ಫೈಲ್ ತೆರೆಯಿರಿ. ತೆರೆದ ಕೂಡಲೇ ಎಲ್ಲವನ್ನೂ ಲೆಕ್ಕ ಹಾಕಲು ಹೋಗುವುದು ಇದರಿಂದ ತಪ್ಪುತ್ತದೆ.

3. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಇದು ಉಚಿತ. ಎಕ್ಸೆಲ್ ಕೈಬಿಟ್ಟ ಫೈಲ್‌ಗಳನ್ನು ಕೆಲವೊಮ್ಮೆ ತೆರೆದುಬಿಡುತ್ತದೆ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಶೀಟ್ಸ್‌ನಲ್ಲಿ ತೆರೆಯುವುದನ್ನೂ ನೋಡಿ. ಅಲ್ಲಿ ಒಂದು ಫೈಲ್‌ಗೆ 1 ಕೋಟಿ ಸೆಲ್‌ಗಳ ಮಿತಿ ಇದೆ. ಗುಟ್ಟಿನ ಮಾಹಿತಿ ಇರುವ ಫೈಲನ್ನು ಮಾತ್ರ ಗುರುತು ಪರಿಚಯವಿಲ್ಲದ "ಉಚಿತ ರಿಪೇರಿ" ವೆಬ್‌ಸೈಟ್‌ಗಳಿಗೆ ಹಾಕಬೇಡಿ.

ಫೈಲ್ ಬಿಚ್ಚಿ ಒಳಗೆ ನೋಡುವುದು

ಮೇಲಿನದ್ಯಾವುದೂ ಆಗದಿದ್ದರೂ ಒಂದು ದಾರಿ ಉಳಿದಿದೆ. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ. ಯಾಕೆಂದರೆ ಇದಕ್ಕೆ ವಿಶೇಷ ಸಾಫ್ಟ್‌ವೇರ್ ಏನೂ ಬೇಡ.

.ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಅಂದರೆ ನಿಜವಾಗಿ ಒಂದು ಜಿಪ್ ಫೈಲ್. ನಕಲಿನ ಎಕ್ಸ್‌ಟೆನ್ಶನ್ ತೆಗೆದು .ಜಿಪ್ (.zip) ಎಂದು ಹಾಕಿ, ಬಿಚ್ಚಿ. ಒಳಗೆ "ಎಕ್ಸ್‌ಎಲ್" ಎಂಬ ಫೋಲ್ಡರ್ ಸಿಗುತ್ತದೆ. ಅದರೊಳಗೆ "ಮೀಡಿಯಾ" ಫೋಲ್ಡರ್‌ನಲ್ಲಿ ನೀವು ಸೇರಿಸಿದ್ದ ಚಿತ್ರಗಳು ಹಾಗೇ ಇರುತ್ತವೆ. "ವರ್ಕ್‌ಶೀಟ್ಸ್" ಫೋಲ್ಡರ್‌ನಲ್ಲಿ ಪ್ರತಿ ಶೀಟ್‌ಗೆ ಒಂದು ಎಕ್ಸ್‌ಎಂಎಲ್ ಫೈಲ್. "ಶೇರ್ಡ್ ಸ್ಟ್ರಿಂಗ್ಸ್" ಎಂಬ ಫೈಲ್‌ನಲ್ಲಿ ನೀವು ಟೈಪ್ ಮಾಡಿದ ಪದಗಳು, ಹೆಸರುಗಳು.

ಇಲ್ಲಿ ಒಂದು ವಿಷಯ ಗಮನಿಸಿ. ಅಂಕಿಗಳು ಮತ್ತು ಫಾರ್ಮುಲಾಗಳು ಶೀಟ್‌ನ ಫೈಲ್‌ನಲ್ಲೇ ಇರುತ್ತವೆ. ಪದಗಳು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಶೇರ್ಡ್ ಸ್ಟ್ರಿಂಗ್ಸ್ ಪಟ್ಟಿಯ ಎಷ್ಟನೆಯ ಪದ ಎಂಬ ಸಂಖ್ಯೆ ಮಾತ್ರ ಇರುತ್ತದೆ, ಎಣಿಕೆ ಸೊನ್ನೆಯಿಂದ ಶುರು. ಸೆಲ್‌ನ ಗುರುತಿನಲ್ಲಿ 'ಟಿ' ಎಂಬ ಗುಣಕ್ಕೆ 'ಎಸ್' ಎಂದಿದ್ದರೆ ಆ ಸಂಖ್ಯೆ ಪದದ ವಿಳಾಸ ಎಂದರ್ಥ. ಕೈಯಿಂದ ಜೋಡಿಸುವುದು ನಿಧಾನದ ಕೆಲಸ, ಒಪ್ಪುತ್ತೇನೆ. ಆದರೆ ತಿಂಗಳುಗಟ್ಟಲೆ ಕೂಡಿಸಿದ ಲೆಕ್ಕ ಅದರಲ್ಲಿದ್ದರೆ ಒಂದು ದಿನ ಕೂತರೂ ನಷ್ಟವಿಲ್ಲ, ಅಲ್ವಾ?

ಜಿಪ್ ಆಗಿಯೂ ಬಿಚ್ಚದಿದ್ದರೆ ಫೈಲ್ ಬಹುಶಃ ಅರ್ಧಕ್ಕೆ ತುಂಡಾಗಿದೆ. ಜಿಪ್‌ನೊಳಗೆ ಏನೇನಿದೆ ಎಂಬ ಪಟ್ಟಿ ಫೈಲ್‌ನ ಕೊನೆಯಲ್ಲಿರುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಮೊದಲು ಹೋಗುವುದೇ ಆ ಪಟ್ಟಿ. ಇಮೇಲ್‌ನಲ್ಲಿ ಬಂದಿದ್ದಾದರೆ ಮತ್ತೊಮ್ಮೆ ಡೌನ್‌ಲೋಡ್ ಮಾಡಿ. ಅದಾಗದಿದ್ದರೆ 7-ಜಿಪ್ ಪ್ರೋಗ್ರಾಂನಲ್ಲಿ ತೆರೆಯಿರಿ. ಪಟ್ಟಿ ಇಲ್ಲದಿದ್ದರೂ ಉಳಿದ ತುಂಡುಗಳನ್ನು ಅದು ಕೆಲವೊಮ್ಮೆ ಹೊರತೆಗೆಯುತ್ತದೆ.

ತೆರೆಯಲು ಪಾಸ್‌ವರ್ಡ್ ಹಾಕಿದ ಫೈಲ್ ಸರಿಯಾಗಿದ್ದರೂ ಜಿಪ್ ಆಗಿ ಬಿಚ್ಚುವುದಿಲ್ಲ, 'ಪಿಕೆ' ಎಂದೂ ಶುರುವಾಗುವುದಿಲ್ಲ. ಅದು ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಕೆಟ್ಟ ಫೈಲ್ ಎಂದುಕೊಳ್ಳಬೇಡಿ. ಆ ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್ ಕೂಡ ತೆಗೆದುಕೊಡುವುದಿಲ್ಲ.

ಹಳೆಯ ಪ್ರತಿಗಳು ಎಲ್ಲೆಲ್ಲಿ ಇರುತ್ತವೆ

ಎಕ್ಸೆಲ್‌ನಲ್ಲಿ ಫೈಲ್, ಇನ್ಫೋ, "ಮ್ಯಾನೇಜ್ ವರ್ಕ್‌ಬುಕ್" ಒತ್ತಿ "ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್" ನೋಡಿ. ಸೇವ್ ಮಾಡದೆ ಮುಚ್ಚಿದ ವರ್ಕ್‌ಬುಕ್‌ಗಳು ಅಲ್ಲಿ ಕೆಲವು ದಿನ ಇರುತ್ತವೆ, ಆಮೇಲೆ ಅಳಿಸಿಹೋಗುತ್ತವೆ. ಹಾಗಾಗಿ ಇದನ್ನು ಇವತ್ತೇ ಮಾಡಿ, ಸಿಕ್ಕಿದ್ದನ್ನು ಕೂಡಲೇ ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಒನ್‌ಡ್ರೈವ್, ಗೂಗಲ್ ಡ್ರೈವ್‌ನಲ್ಲಿದ್ದ ಫೈಲ್ ಆದರೆ ಬ್ರೌಸರ್‌ನಲ್ಲಿ ಆ ಖಾತೆಗೆ ಹೋಗಿ ಫೈಲ್‌ನ ಆವೃತ್ತಿಗಳ ಇತಿಹಾಸ ತೆರೆಯಿರಿ. ಕೆಟ್ಟ ಪ್ರತಿಗಿಂತ ಹಿಂದಿನದನ್ನು ಅಲ್ಲಿಂದ ಇಳಿಸಿಕೊಳ್ಳಬಹುದು. ಕಂಪ್ಯೂಟರ್‌ನಲ್ಲೇ ಇದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, "ಪ್ರೀವಿಯಸ್ ವರ್ಷನ್ಸ್" ನೋಡಿ. ವಿಂಡೋಸ್‌ನ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿಯನ್ನು ಮೊದಲೇ ಆನ್ ಮಾಡಿದ್ದರೆ ಅಲ್ಲಿ ಸಿಗುತ್ತದೆ. ಕಳಿಸಿದ ಇಮೇಲ್‌ಗಳ ಫೋಲ್ಡರ್ ಮರೆಯಬೇಡಿ. ಯಾರಿಗಾದರೂ ಆ ಫೈಲ್ ಕಳಿಸಿದ್ದರೆ ಒಳ್ಳೆಯ ಪ್ರತಿ ಅಲ್ಲೇ ಕೂತಿರುತ್ತದೆ.

ಈಗಲೇ ಬದಲಿಸಬೇಕಾದ ಎರಡು ಸೆಟ್ಟಿಂಗ್

ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ. ಆಟೋರಿಕವರ್ (ಎಕ್ಸೆಲ್ ತಾನಾಗಿ ಪ್ರತಿ ಇಟ್ಟುಕೊಳ್ಳುವ ಏರ್ಪಾಡು) ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಎಂದಿರುತ್ತದೆ. ಅದನ್ನು 2 ಅಥವಾ 3 ನಿಮಿಷ ಮಾಡಿ. ಅದರ ಕೆಳಗೆ, ಸೇವ್ ಮಾಡದೆ ಮುಚ್ಚಿದರೂ ಕೊನೆಯ ಪ್ರತಿ ಇಟ್ಟುಕೊಳ್ಳುವ ಆಯ್ಕೆಗೆ ಟಿಕ್ ಇರಲಿ.

ಎರಡನೆಯದು ಪ್ರತಿ ಫೈಲ್‌ಗೂ ಬೇರೆಯಾಗಿ ಮಾಡಬೇಕು. ಎಫ್12 ಒತ್ತಿ, ಸೇವ್ ಬಟನ್ ಪಕ್ಕದ "ಟೂಲ್ಸ್"ನಲ್ಲಿ "ಜನರಲ್ ಆಪ್ಷನ್ಸ್" ತೆರೆದು "ಆಲ್ವೇಸ್ ಕ್ರಿಯೇಟ್ ಬ್ಯಾಕಪ್" ಟಿಕ್ ಮಾಡಿ. ಅಲ್ಲಿಂದಾಚೆ ಪ್ರತಿ ಸಲ ಸೇವ್ ಮಾಡಿದಾಗಲೂ ಅದರ ಹಿಂದಿನ ಪ್ರತಿ .ಎಕ್ಸ್‌ಎಲ್‌ಕೆ ಎಂಬ ಎಕ್ಸ್‌ಟೆನ್ಶನ್‌ನಲ್ಲಿ ಅದೇ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಆದರೆ ಇದೂ ಅದೇ ಡಿಸ್ಕ್‌ನಲ್ಲಿರುತ್ತದೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಬದುಕಿನ ಲೆಕ್ಕ ಇರುವ ಫೈಲ್ ಆದರೆ ವಾರಕ್ಕೊಂದು ಪ್ರತಿ, ಹೆಸರಿನಲ್ಲಿ ತಾರೀಖು ಹಾಕಿ, ಬೇರೆ ಡ್ರೈವ್‌ಗೋ ಕ್ಲೌಡ್‌ಗೋ ನಕಲಿಸಿ ಇಡಿ. ಇಟ್ಟ ಪ್ರತಿಯನ್ನು ಒಮ್ಮೆ ತೆರೆದೂ ನೋಡಿ.